ಸರ್ಕಾರನ ಒಪ್ಪಲ್ಲ ಅಂದ್ರ ನಾವು ಭಾರತೀಯರು ಹೌದೋ ಅಲ್ಲೋ?

ಕೊಪ್ಪಳ ಹುಡುಗ:
ನಮಸ್ಕಾರ ಎಲ್ಲಾರಿಗೂ. ನಮ್ಮ ರೂಮಿನಾಗ ದಿನಾ ರಾತ್ರಿ ಊಟ ಆದ ಮ್ಯಾಲ ಇದ ಜಗಳ. ಒಬ್ಬ ಗೆಳೆಯ ಅದಾನ, ಅಂವ ಹೇಳೂದು ಏನಂದ್ರ ನಾ ಈ ಸರ್ಕಾರನ ಒಪ್ಪಿಲ್ಲ (ಯಾವ ಪಕ್ಷದ್ದು ಅಂತಲ್ಲ, ಒಟ್ಟಾ ವ್ಯವಸ್ಥೆನ), ನನ್ನ ಕೇಳಿ ಯಾರೂ ಇದರಾಗ ಸೇರಿಸಿಕೊಂಡಿಲ್ಲ, ಅದಕ್ಕ ನಾ ಇದರ ನಾಗರಿಕ ಅಲ್ಲ, ವೋಟರ್ ಐಡಿ ವಾಪಸ್ ಕೊಡ್ತೀನಿ ಅಂತ. ಆದ್ರ ಭಾರತೀಯ ಹೌದಂತ, ಕನ್ನಡಿಗನೂ ಹೌದಂತ. ಇನ್ನೊಬ್ಬಂವ "ಸರ್ಕಾರ ಬ್ಯಾಡಂದಂವ ದೇಶದ್ರೋಹಿ, ಬ್ಯಾರೆ ದೇಶಕ್ಕ ಹೋಗು" ಅಂತ ಕುಂತಾನ. ನನಗ ಇಬ್ರದೂ ಪೂರಾ ಸರಿ ಅನಿಸವಲ್ದು. ಗೊತ್ತಿದ್ದವರು ಹೇಳ್ರಿ, ಪಾರ್ಟಿ ಜಗಳ ಮಾತ್ರ ತರಬ್ಯಾಡ್ರಿ, ಕೈ ಮುಗೀತೀನಿ.

ಗಂಗಾವತಿ ಮಾಸ್ತರ:
ಕೊಪ್ಪಳದಾಗ ಕುಂತು ಈ ಪ್ರಶ್ನೆ ಕೇಳ್ತಿಯಲ್ಲೋ ತಮ್ಮಾ, ನಿಮ್ಮ ಮುತ್ತ್ಯಾನ ಕಾಲದಾಗ ಇದ ಆಗಿದ್ದು. 1947 ಆಗಸ್ಟ್ 15ಕ್ಕ ತುಂಗಭದ್ರಾ ಹೊಳಿ ಆಚೆ ಹಂಪಿ, ಹೊಸಪೇಟಿ, ಕಂಪ್ಲಿ ಎಲ್ಲಾ ಮದ್ರಾಸ್ ಪ್ರಾಂತ್ಯ, ಅಲ್ಲಿ ಸ್ವಾತಂತ್ರ್ಯ ಬಂತು. ಈಚೆ ಆನೆಗೊಂದಿ, ಗಂಗಾವತಿ, ಕೊಪ್ಪಳ, ರಾಯಚೂರು ನಿಜಾಮಂದು, ನಮಗ ಬರ್ಲಿಲ್ಲ. ಡ್ಯಾಮ್ ಕೆಲಸ 1945ರಾಗ ಎರಡೂ ಸರ್ಕಾರ ಕೂಡಿ ಚಾಲೂ ಮಾಡಿದ್ದು, ಬಲಕ್ಕ ಒಂದು ರಾಜ್ಯ ಎಡಕ್ಕ ಒಂದು ರಾಜ್ಯ, ನಡುವ ತುಂಗಭದ್ರಾ. ಆವಾಗ ಈ ಕಡಿ ಮಂದಿ ತ್ರಿವರ್ಣ ಧ್ವಜ ಹಾರಿಸಿ ಜೈಲಿಗೆ ಹೋದ್ರು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುಂಡರಗಿ ಕ್ಯಾಂಪ್ ಕಟ್ಟಿದ್ರು, ಮುಂಡರಗಿ ಗಡಿ ಆಚೆ ಇತ್ತು ನೋಡು, ಅಲ್ಲಿಂದ ಬಂದು ನಿಜಾಮನ ಕರೋಡಗಿರಿ (ಸುಂಕದ) ನಾಕಾ ಹೊಡೀತಿದ್ರು. ನಿಜಾಮನ ಲೆಕ್ಕಕ್ಕ ಇವರೆಲ್ಲಾ ಹೈದರಾಬಾದ್ ಸಂಸ್ಥಾನದ ಪ್ರಜೆಗಳು, ದ್ರೋಹಿಗಳು. ಇವರ ಲೆಕ್ಕಕ್ಕ ಇವರು ಭಾರತೀಯರು, ಹಂಗನ್ನಾಕ ಇನ್ನೂ ಯಾವ ಕಾಗದಾನೂ ಇದ್ದಿಲ್ಲ. 1948 ಸಪ್ಟೆಂಬರ್ 17ಕ್ಕ ನಿಜಾಮ ಭಾರತಕ್ಕ ಶರಣಾಗೂ ತನಕ ಹಿಂಗ ಇತ್ತು. ಸರ್ಕಾರ ಒಪ್ಪಲಿಲ್ಲ ಅಂದ್ರ ದೇಶ ಬಿಟ್ಟಂಗ ಅನ್ನಾಂವಗ ಇದನ್ನ ಕೇಳು, ಸಪ್ಟೆಂಬರ್ 17ಕ್ಕ ಧ್ವಜ ಯಾಕ ಏರಿಸ್ತೀಪಾ ಅಂತ.

ಮಾನ್ವಿ ಮಲ್ಲಿ:
ಮಾಸ್ತರ್ರ, ಹೋಲಿಕಿ ಪೂರಾ ಕೂಡಲ್ರಿ. ನಿಜಾಮನ್ನ ಇಳಿಸಾಕ ಓಟ್ ಇದ್ದಿಲ್ಲ. ಈಗ ಐದು ವರ್ಷಕ್ಕೊಮ್ಮೆ ಅದ, ನೋಟಾನೂ 2013ರಿಂದ ಅದ. ಇಷ್ಟು ಇಟ್ಕೊಂಡು ನಾ ಸೇರಿಲ್ಲ ಅನ್ನೋದು ಮುತ್ತ್ಯಾಗಳ ಸಾಲಿಗೆ ಕೂಡ್ತದೇನು? ಇನ್ನೊಂದು ಮಾತ್ರಿ, ಆ ಕಾಲದಾಗ ನಮ್ಮೂರಾಗ ನಿಜಾಮಂದ ಸರಿ ಅಂದವರೂ ಇದ್ರು, ಯಾವುದೂ ಬ್ಯಾಡ ಅಂತ ಸುಮ್ನ ಹೊಲ ಉತ್ತವರ ಭಾಳ ಇದ್ರು. ಅವರನ್ನ ಯಾರೂ ನೆನಸಂಗಿಲ್ಲ.

ಬಳ್ಳಾರಿ ಕೋರ್ಟ್ ರಸ್ತೆ:
ಮಲ್ಲಿ ಅಕ್ಕ ಹೇಳಿದ್ದು ಕರೆಕ್ಟ್ ಐತೆ, ಕಾನೂನಲ್ಲೂ ಅದೇ ಕಾಣುತ್ತೆ. ಸಂವಿಧಾನದ 5ನೇ ವಿಧಿ ಓದಿ. ಸಂವಿಧಾನ ಜಾರಿಗೆ ಬಂದಾಗ ಇಲ್ಲಿ ನೆಲೆ ಇರಬೇಕು, ಜೊತೆಗೆ ಇಲ್ಲಿ ಹುಟ್ಟಿರಬೇಕು, ಇಲ್ಲಾ ತಂದೆ ತಾಯಿಲಿ ಒಬ್ಬರು ಹುಟ್ಟಿರಬೇಕು, ಇಲ್ಲಾ ಐದು ವರ್ಷ ವಾಸ ಇರಬೇಕು, ಅಷ್ಟೇ. ನಿಜಾಮನ ಕಡೆ ಇದ್ಯೋ ಕಾಂಗ್ರೆಸ್ ಕಡೆ ಇದ್ಯೋ ಅಂತ ಎಲ್ಲೂ ಕೇಳಿಲ್ಲ. ಧ್ವಜ ಹಾರಿಸಿದವರೂ ನಾಗರಿಕರಾದ್ರು, ಹೊಲ ಉತ್ತವರೂ ಆದ್ರು.

ಇನ್ನು ನಿಮ್ಮ ಗೆಳೆಯರ ವಿಷಯ. ಬಾಯಲ್ಲಿ ನಾ ನಾಗರಿಕ ಅಲ್ಲ ಅಂದ್ರೆ ಪೌರತ್ವ ಹೋಗಲ್ಲ ಸ್ವಾಮಿ. ವೋಟರ್ ಲಿಸ್ಟಿಂದ ಹೆಸರು ತೆಗೆಸಿದ್ರೂ ಹೋಗಲ್ಲ, ಓಟ್ ಹಾಕ್ದೆ ಇದ್ರೂ ಹೋಗಲ್ಲ, ಆಧಾರ್ ಅಂತೂ ಪೌರತ್ವದ ದಾಖಲೆನೇ ಅಲ್ಲ ಅಂತ ಅದರ ಕಾಯ್ದೆಲೇ ಬರೆದೈತೆ. ಬಿಡಬೇಕು ಅಂದ್ರೆ 1955ರ ಪೌರತ್ವ ಕಾಯ್ದೆ ಸೆಕ್ಷನ್ 8ರಲ್ಲಿ ಡಿಕ್ಲರೇಷನ್ ಕೊಟ್ಟು ರಿಜಿಸ್ಟರ್ ಮಾಡಿಸಬೇಕು, ಅದೂ ಅವರು ಒಪ್ಪಲ್ಲ ಅನ್ನೋ ಅದೇ ಸರ್ಕಾರದ ಆಫೀಸಲ್ಲೇ (ನಗಬೇಡಿ). ದೇಶ ಯುದ್ಧದಲ್ಲಿದ್ರೆ ರಿಜಿಸ್ಟ್ರೇಷನ್ ತಡೆ ಹಿಡೀತಾರೆ. ಮೈನರ್ ಮಕ್ಕಳಿದ್ರೆ ಅವರದ್ದೂ ಹೋಗುತ್ತೆ, ವಯಸ್ಸಿಗೆ ಬಂದ ಮೇಲೆ ಒಂದು ವರ್ಷದೊಳಗೆ ವಾಪಸ್ ಕೇಳಬಹುದು. ಬೇರೆ ದೇಶದ ಪೌರತ್ವ ಕೈಯಲ್ಲಿ ಇಲ್ದೆ ಇದನ್ನ ಮಾಡಿದ್ರೆ ಪಾಸ್‌ಪೋರ್ಟೂ ಇಲ್ಲ, ಇರೋ ಹಕ್ಕೂ ಇಲ್ಲ, ತೆರಿಗೆ ಮಾತ್ರ ಎಲ್ಲೂ ಹೋಗಲ್ಲ.

ದೇಶದ್ರೋಹಿ ಅಂದೋರಿಗೂ ಒಂದು ಮಾತು. ಸೆಕ್ಷನ್ 10ರಲ್ಲಿ ಪೌರತ್ವ ಕಿತ್ತುಕೊಳ್ಳೋದಿದೆ, ಅದು ನೋಂದಣಿ ಮಾಡಿಸಿಕೊಂಡು ನಾಗರಿಕರಾದಂಥವರಿಗೆ, ಹುಟ್ಟಿನಿಂದ ಆದವರಿಗಲ್ಲ. ಅಲ್ಲೂ ಬರೆದಿರೋದು ಸಂವಿಧಾನಕ್ಕೆ ನಿಷ್ಠೆ ಇಲ್ಲದಿದ್ರೆ ಅಂತ, ಸರ್ಕಾರಕ್ಕೆ ಅಂತಲ್ಲ. 1962ರ ಕೇದಾರನಾಥ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟು ಎಷ್ಟೇ ಖಾರವಾಗಿ ಸರ್ಕಾರನ ಬೈದ್ರೂ ಹಿಂಸೆಗೆ ಕುಮ್ಮಕ್ಕು ಇಲ್ದಿದ್ರೆ ರಾಜದ್ರೋಹ ಅಲ್ಲ ಅಂದೈತೆ.

ಹೊಸಪೇಟೆ ಬಸ್ಟ್ಯಾಂಡ್:
ಕಾಗದ ಬೇರೆ, ದೇಶ ಬೇರೆ ಅಂತ ನೋಡಬೇಕಾದ್ರೆ ಚಳಿಗಾಲಕ್ಕೆ ಸ್ವೆಟರ್ ಮಾರಾಕೆ ಬರೋ ಟಿಬೆಟಿಯನ್ನರನ್ನ ಮಾತಾಡಿಸಿ. ಮುಂಡಗೋಡು, ಬೈಲಕುಪ್ಪೆ ಕಡೆಯೋರು. ಚೀನಾ ಸರ್ಕಾರನ ಒಪ್ಪಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದೋರು ನಮ್ಮ ಕಾನೂನಲ್ಲೇ ಭಾರತದ ನಾಗರಿಕರು, ಆದ್ರೂ ಬಹಳ ಜನ ಆ ಕಾಗದ ತಗೊಳ್ಳದೆ ನಿರಾಶ್ರಿತರ ಆರ್‌ಸಿ (ನೋಂದಣಿ) ಪುಸ್ತಕನೇ ರಿನ್ಯೂ ಮಾಡಿಸ್ಕೊಂಡು ಇದಾರೆ. ಅದಕ್ಕೆ ಅವರು ಕೊಡೋ ಬೆಲೆ ಸಣ್ಣದಲ್ಲ, ಹೊರದೇಶಕ್ಕೆ ಹೋಗೋದು ಅಂದ್ರೆ ತಲೆನೋವು. ನಿಮ್ಮ ಗೆಳೆಯ ಅಷ್ಟು ಕೊಡೋಕೆ ರೆಡಿ ಇದಾನಾ ಕೇಳಿ.

ಕೊಪ್ಪಳ ಹುಡುಗ:
ಕೇಳಿದೆ. ಸೆಕ್ಷನ್ 8 ಓದಿ ತೋರಿಸಿದ್ದಕ್ಕ ಸುಮ್ನಾದ, ಆಮ್ಯಾಲ "ಬಿಡಾಕ ಅವರ ಪರ್ಮಿಷನ್ ಬೇಕಂದ್ರ ನಾ ಹೇಳಿದ್ದ ಖರೆ ಆತಲ್ಲ" ಅಂದ. ಅದಕ್ಕೇನ್ ಹೇಳೂದು ಬಳ್ಳಾರಿ ಅಣ್ಣಾ?

ಬಳ್ಳಾರಿ ಕೋರ್ಟ್ ರಸ್ತೆ:
ಅದು ಒಳ್ಳೆ ಪಾಯಿಂಟು. ಕಾನೂನಲ್ಲಿ ಅದಕ್ಕೆ ಉತ್ತರ ಇಲ್ಲ, ಮಾಸ್ತರ್‌ನ ಕೇಳಿ.