ಅಪ್‌ಡೇಟ್: 70ರ ವರ್ಗಮೂಲದ ಅಂದಾಜು ಮತ್ತು ಚೌಕದ ಒಗಟು

70ರ ವರ್ಗಮೂಲವನ್ನು ನಾನು 8.375 ಎಂದು ಅಂದಾಜಿಸಿದಾಗ ಅದರ ವರ್ಗ 70ನ್ನು ಮೀರುವುದೇಕೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು; ತಪ್ಪು ಎಲ್ಲಿತ್ತೆಂಬುದು ಈಗ ತಿಳಿದಿದೆ. 64ಕ್ಕೂ 70ಕ್ಕೂ ಇರುವ ಅಂತರವಾದ 6ನ್ನು 8ರ ಇಮ್ಮಡಿಯಾದ 16ರಿಂದ ಭಾಗಿಸಿ 8ಕ್ಕೆ ಕೂಡಿಸುವಾಗ, ಆ ಭಾಗಲಬ್ಧದ ವರ್ಗವನ್ನು, ಅಂದರೆ ಸುಮಾರು 0.14ನ್ನು, ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೆಚ್ಚುವರಿಯಾಗಿ ಕಾಣುತ್ತಿದ್ದುದು ಅದೇ.

ನೀವು ಸೂಚಿಸಿದಂತೆ 70ನ್ನು 8.375ರಿಂದ ಭಾಗಿಸಿ, ದೊರೆತ 8.3582ನ್ನೂ ಮೊದಲ ಅಂದಾಜನ್ನೂ ಕೂಡಿಸಿ ಅರ್ಧ ಮಾಡಿದಾಗ 8.3666 ಬಂದಿತು. ಒಂದೇ ಸುತ್ತಿಗೆ ನಾಲ್ಕು ದಶಮಾಂಶ ಸ್ಥಾನಗಳು ಸರಿಹೊಂದುತ್ತವೆಂದು ನಾನು ನಿರೀಕ್ಷಿಸಿರಲಿಲ್ಲ. ಪ್ರಾಚೀನ ಗ್ರೀಕ್ ಗಣಿತಜ್ಞ ಹೆರಾನನ ಹೆಸರಿನಲ್ಲಿರುವ ಈ ವಿಧಾನವನ್ನು ಶಾಲೆಯಲ್ಲಿ ಕಲಿತ ಉದ್ದನೆಯ ಭಾಗಾಕಾರ ಕ್ರಮಕ್ಕಿಂತ ನೆನಪಿಡುವುದು ನನಗಂತೂ ಸುಲಭ.

ಇನ್ನು ಒಗಟು: ನಾಣ್ಯಗಳನ್ನು ಚೌಕವಾಗಿ ಜೋಡಿಸಿದರೆ 31 ಉಳಿಯುತ್ತವೆ, ಪ್ರತಿ ಬದಿಗೆ ಒಂದೊಂದು ಹೆಚ್ಚಿಸಿದರೆ 24 ಕಡಿಮೆ ಬೀಳುತ್ತವೆ; ಒಟ್ಟು ನಾಣ್ಯಗಳೆಷ್ಟು? ಅನುಕ್ರಮ ವರ್ಗಗಳ ಅಂತರ 31 ಮತ್ತು 24ರ ಮೊತ್ತವಾದ 55 ಆಗಿರಲೇಬೇಕು; ಆ ಅಂತರ ಚಿಕ್ಕ ಚೌಕದ ಬದಿಯ ಇಮ್ಮಡಿಗಿಂತ ಒಂದು ಹೆಚ್ಚಾದ್ದರಿಂದ ಬದಿ 27, ಒಟ್ಟು ನಾಣ್ಯಗಳು 760. ನಾನು ವೃಥಾ ವರ್ಗಸಮೀಕರಣ ಬರೆಯುತ್ತ ಕುಳಿತಿದ್ದೆ.