ಅಪ್‌ಡೇಟ್: ಲ್ಯಾಪ್‌ಟಾಪ್‌ನಲ್ಲೂ ಮೊಬೈಲ್ ಪುಟ ಬರ್ತಿದ್ದುದಕ್ಕೆ ಕಾರಣ ಸಿಕ್ಕಿತು
ಸೈಟನ್ನು ಮೊಬೈಲ್, ಟ್ಯಾಬ್ಲೆಟ್‌ಗೆ ಒಗ್ಗಿಸುವ ಪ್ಲಗಿನ್‌ನ ಬೀಟಾ (ಪರೀಕ್ಷಾ ಆವೃತ್ತಿ) ಹಾಕಿದಾಗಿಂದ ಲ್ಯಾಪ್‌ಟಾಪ್‌ನಲ್ಲೂ ಒಮ್ಮೊಮ್ಮೆ ಮೊಬೈಲ್ ಪುಟವೇ ಬರುತ್ತಿದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಹೋಯ್ತು! ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸಲು ಬ್ರೌಸರ್‌ಗೆ ಹೇಳುವ ವ್ಯೂಪೋರ್ಟ್ ಟ್ಯಾಗ್ ಹಾಕಿ ಅಂತ ಸಲಹೆ ಬಂದಿತ್ತು, ಆದರೆ ಅದು ಸೈಟಿನ ವಿನ್ಯಾಸದ ಥೀಮ್‌ನಲ್ಲಿ ಮೊದಲೇ ಇತ್ತು, ಹಾಗಾಗಿ ಆ ಸಲಹೆ ಉಪಯೋಗಕ್ಕೆ ಬರಲಿಲ್ಲ. ಥೀಮ್ ಬದಲಿಸಿ ನೋಡಿದ್ದಂತೂ ಅರ್ಧ ದಿನ ದಂಡ. ಕ್ಯಾಶ್ (ಬೇಗ ಕೊಡಲು ಉಳಿಸಿಟ್ಟ ಪುಟದ ಪ್ರತಿ) ನೋಡಿ ಅಂದವರದ್ದೇ ಸರಿ: ಯಾರಾದರೂ ಫೋನಿನಲ್ಲಿ ಮೊದಲು ತೆರೆದರೆ ಅದೇ ಪುಟ ಉಳಿದುಕೊಂಡು ಎಲ್ಲರಿಗೂ ಹೋಗುತ್ತಿತ್ತು. ಮೊಬೈಲ್‌ಗೆ ಪ್ರತ್ಯೇಕ ಕ್ಯಾಶ್ ಆನ್ ಮಾಡಿ, ಹಳೆಯದನ್ನು ಖಾಲಿ ಮಾಡಿದೆ, ಅಷ್ಟೇ.

ಐಪ್ಯಾಡ್ ಮಾತ್ರ ಆಮೇಲೂ ಟ್ಯಾಬ್ಲೆಟ್ ಪುಟ ತೋರಿಸದೆ ಹಟ ಹಿಡಿದಿತ್ತು. 2019ರ ಐಪ್ಯಾಡ್‌ಓಎಸ್ 13ರಿಂದ ಬಹುತೇಕ ಐಪ್ಯಾಡ್‌ಗಳಲ್ಲಿ ಸಫಾರಿ ಬ್ರೌಸರ್ ತನ್ನನ್ನು ಮ್ಯಾಕ್ ಅಂತಲೇ ಪರಿಚಯಿಸಿಕೊಳ್ಳುತ್ತದಂತೆ! ಬ್ರೌಸರ್ ತನ್ನ ಬಗ್ಗೆ ಹೇಳಿಕೊಳ್ಳುವ ಯೂಸರ್ ಏಜೆಂಟ್ ನಂಬಿ ಕೂತ ಪ್ಲಗಿನ್‌ಗೆ ಅದು ಟ್ಯಾಬ್ಲೆಟ್ ಅಂತ ಗೊತ್ತಾಗುವುದಾದರೂ ಹೇಗೆ? ಡೆವಲಪರ್‌ಗೆ ತಿಳಿಸಿದ್ದೇನೆ, ಸದ್ಯಕ್ಕೆ ಪರದೆಯ ಅಗಲ ನೋಡಿ ವಿನ್ಯಾಸ ಬದಲಿಸುವ ಸಿಎಸ್‌ಎಸ್ ಮೀಡಿಯಾ ಕ್ವೆರಿಯಲ್ಲಿ ತೇಪೆ ಹಾಕಿಕೊಂಡಿದ್ದೇನೆ.