ಎದುರಾಳಿ ತಂಡದವನ ಆಟ ಇಷ್ಟವಾದರೆ ಮಕ್ಕಳು ಮುಚ್ಚಿಡಬೇಕೇ?

ಎಲ್ಲರಿಗೂ ನಮಸ್ಕಾರ. ಎದುರು ತಂಡದ ಆಟಗಾರನನ್ನು ಹೊಗಳಿದ್ದಕ್ಕೆ ಮಗಳು ಶಾಲೆಯಲ್ಲಿ ಬೈಸಿಕೊಂಡು ಬಂದಳು ಎಂದು ಮೊನ್ನೆ ಒಬ್ಬರು ಅಕ್ಕ ಬರೆದಿದ್ದರು. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾವಿರುವುದು ಮ್ಯಾಂಚೆಸ್ಟರಿನಲ್ಲಿ. ಮಗ ಇಲ್ಲೇ ಹುಟ್ಟಿದವನು, ಮ್ಯಾಂಚೆಸ್ಟರ್ ಯುನೈಟೆಡ್ ಫುಟ್ಬಾಲ್ ತಂಡ ಅಂದರೆ ಪ್ರಾಣ. ಪಕ್ಕದ ಊರಾದ ಲಿವರ್‌ಪೂಲ್ ಜೊತೆಗಿನ ಜಿದ್ದು ಇಲ್ಲಿ ಬರೀ ಆಟದ್ದಲ್ಲ. ಲಿವರ್‌ಪೂಲ್ ಬಂದರಿನ ಹಂಗೇ ಬೇಡವೆಂದು ಈ ಊರಿನವರು 1894ರಲ್ಲಿ ಸಮುದ್ರದಿಂದ ಇಲ್ಲಿಯವರೆಗೆ ಹಡಗಿನ ಕಾಲುವೆಯನ್ನೇ ತೆರೆದವರು.

2021ರ ಅಕ್ಟೋಬರಿನಲ್ಲಿ ಯುನೈಟೆಡ್ ತಂಡದ ಸ್ವಂತ ಮೈದಾನ ಓಲ್ಡ್ ಟ್ರಾಫರ್ಡ್‌ಗೇ ಬಂದು ಲಿವರ್‌ಪೂಲ್ 5-0 ಗೆದ್ದಿತಲ್ಲ, ಅವರ ಮೊಹಮ್ಮದ್ ಸಲಾ ಮೂರು ಗೋಲು ಹೊಡೆದ ದಿನ, ಆರು ವರ್ಷದ ನನ್ನ ಮಗ ಊಟ ಬಿಟ್ಟು ಅತ್ತಿದ್ದ. ಮಾರನೇ ವಾರ ಹಿತ್ತಲಿಗೆ ಹೋದರೆ ಬಲಗಡೆಯಿಂದ ಒಳಕ್ಕೆ ನುಗ್ಗಿ, ಎಡಗಾಲಲ್ಲಿ ಚೆಂಡನ್ನು ಆಚೆ ಮೂಲೆಗೆ ತಿರುಗಿಸಲು ಒದ್ದಾಡುತ್ತಿದ್ದಾನೆ. ಥೇಟ್ ಸಲಾನ ಆಟ! ನನ್ನನ್ನು ಕಂಡೊಡನೆ, "ಅಮ್ಮಾ, ಯಾರಿಗೂ ಹೇಳ್ಬೇಡ" ಅಂದ.

ಆ ಮಾತಿಗೆ ನನ್ನ ಕರುಳು ಚುರುಕ್ ಅಂದಿತು. ಚೆಂದದ್ದನ್ನು ಚೆಂದ ಅನ್ನುವುದಕ್ಕೂ ಮಗು ಹೆದರಬೇಕೇ?

ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಅವರು ಮೊಮ್ಮಗನನ್ನು ಕರೆದು 1999ರ ಚೆನ್ನೈ ಟೆಸ್ಟಿನ ಕತೆ ಹೇಳಿದರು. ನಾನಾಗ ಚಿಕ್ಕವಳು, ಆದರೂ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿದೆ. ಬೆನ್ನುನೋವಿನಲ್ಲೇ 136 ಹೊಡೆದು ಸಚಿನ್ ಔಟಾದ ಮೇಲೆ ನಮ್ಮ ಕುಂಬ್ಳೆ, ಜೋಶಿ, ಶ್ರೀನಾಥ್ ಒಬ್ಬರ ಹಿಂದೊಬ್ಬರು ಔಟಾದರು. ಬರೀ 12 ರನ್ನಿನಿಂದ ಪಾಕಿಸ್ತಾನಕ್ಕೆ ಸೋತೆವು. ಚೆಪಾಕ್ ಕ್ರೀಡಾಂಗಣ ಮೊದಲು ಗರಬಡಿದಂತೆ ಕೂತಿತ್ತು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗೆದ್ದವರು ಮೈದಾನ ಸುತ್ತಿದರು. "ನಾನೂ ಟಿವಿ ಮುಂದೆ ಎದ್ದು ನಿಂತಿದ್ದೆ ಕಣೋ, ಕಣ್ಣಲ್ಲಿ ನೀರಿತ್ತು, ಆದ್ರೂ ತಟ್ಟಿದೆ" ಅಂದರು ಅಪ್ಪ. ಹುಡುಗ ಸುಮ್ಮನೆ ಕೇಳಿಸಿಕೊಂಡ.

ನಮ್ಮ ಪಕ್ಕದ ಮನೆಯ ಹಿರಿಯರು ಹಳೇ ಯುನೈಟೆಡ್ ಅಭಿಮಾನಿ. 2003ರ ಏಪ್ರಿಲ್ 23ರ ರಾತ್ರಿ ಓಲ್ಡ್ ಟ್ರಾಫರ್ಡ್‌ನಲ್ಲಿದ್ದವರು. ಅಂದು ಬ್ರೆಜಿಲ್‌ನ ರೊನಾಲ್ಡೊ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದ ಪರ ಮೂರು ಗೋಲು ಹೊಡೆದ. ಯುನೈಟೆಡ್ 4-3 ಗೆದ್ದರೂ ಎರಡು ಪಂದ್ಯಗಳ ಲೆಕ್ಕದಲ್ಲಿ 6-5ರಿಂದ ಸೋತು ಟೂರ್ನಿಯಿಂದ ಹೊರಬಿತ್ತು. ಆದರೂ ರೊನಾಲ್ಡೊ ಆಟದ ನಡುವೆ ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರನಡೆದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಸೋಲಿನ ಬೇಸರವೇ ಇರಲಿಲ್ಲ, ಅಂಥದ್ದೊಂದನ್ನು ನೋಡಿದೆನಲ್ಲ ಎಂಬ ಹೆಮ್ಮೆ ಇತ್ತು.

ಹಾಗಂತ ಮಗ ಲಿವರ್‌ಪೂಲ್ ಕಡೆ ವಾಲಲಿಲ್ಲ. ಇವತ್ತಿಗೂ ಅವರು ಸೋತರೆ ಕುಣಿಯುತ್ತಾನೆ. ಕುಣಿಯಲಿ ಬಿಡಿ, ಅದಿಲ್ಲದಿದ್ದರೆ ಆಟಕ್ಕೇನು ರುಚಿ? ಆದರೆ ಪುಸ್ತಕದೊಳಗೆ ಬಚ್ಚಿಟ್ಟಿದ್ದ ಸಲಾನ ಚಿತ್ರ ಈಗ ಗೋಡೆಯ ಮೇಲಿದೆ, ಯುನೈಟೆಡ್ ಜೆರ್ಸಿಯ ಪಕ್ಕದಲ್ಲೇ.

ಅಕ್ಕಾ, ಮಗಳಿಗೆ ಶಾಲೆಯಲ್ಲಿ ಸುಮ್ಮನಿರು ಅಂತ ಮಾತ್ರ ಹೇಳಬೇಡಿ. ಆ ಆಟಗಾರನ ಯಾವ ಹೊಡೆತ ಇಷ್ಟ ಅಂತ ಕೇಳಿ, ಹಿತ್ತಲಲ್ಲಿ ಮಾಡಿ ತೋರಿಸು ಅನ್ನಿ. ಗೋಲಿಗೆ ನೀವೇ ನಿಂತುಕೊಳ್ಳಿ.